ಕೆಲಸವಿಲ್ಲದ ಒಂದು ವಾಸನೆ ಬೇಕಾಗಿದೆ

ಗದಗ ಸೀಮೆಯಲ್ಲಿ ವಾಸನೆಗಳಿಗೆಲ್ಲ ಕಾಯಂ ನೌಕರಿ ಆಗಿಬಿಟ್ಟಿದೆ. ಲಿಂಬಿಹಣ್ಣಿನ ವಾಸನೆ ಭಾಂಡೆ ತಿಕ್ಕುತ್ತದೆ. ಪೈನ್ ಮರವನ್ನು ನಮ್ಮೂರಲ್ಲಿ ಕಣ್ಣಾರೆ ಕಂಡವರಿಲ್ಲ, ಅದರ ವಾಸನೆ ಮಾತ್ರ ಮನೆಮನೆಯ ಪಾಯಖಾನೆಯಲ್ಲಿ ದಿನಾ ಹಾಜರಿ ಹಾಕುತ್ತದೆ. ಲವಂಗ ಹಲ್ಲಿನ ಡಾಕ್ಟರು. ನೀಲಗಿರಿ ಎಣ್ಣೆಗೆ ನೆಗಡಿ ಖಾತೆ. ಡಾಂಬರ ಗುಳಿಗೆ ಟ್ರಂಕಿನಲ್ಲಿ ಇಳಕಲ್ ಸೀರೆಗಳ ಕಾವಲಿಗೆ ಕೂತಿದೆ. ಗುಲಾಬಿಯದು ಮೂರು ಪಾಳಿ ದುಡಿಮೆ: ನಸುಕಿನಲ್ಲಿ ಊದಿನಕಡ್ಡಿ, ಮಧ್ಯಾಹ್ನ ಶರಬತ್ತು, ರಾತ್ರಿ ಉಂಡಾದ ಮೇಲೆ ಎಲೆಯೊಳಗಿನ ಗುಲ್ಕಂದ. ಮಲ್ಲಿಗೆಗೆ ಲಗ್ನದ ಸುಗ್ಗಿಯ ಗುತ್ತಿಗೆ ಕೆಲಸ, ಮುಹೂರ್ತ ಮುಗಿದರೆ ಮನೆಗೆ.

ಶ್ರೀಗಂಧದ್ದು ಸರಕಾರಿ ನೌಕರಿ, ಅದೂ ಅರಮನೆಯ ಕಾಲದ್ದು. ಮೊದಲ ಮಹಾಯುದ್ಧದಲ್ಲಿ ಹಡಗುಗಳ ದಾರಿ ಕಟ್ಟಾಗಿ, ಯುರೋಪಿಗೆ ಹೋಗಬೇಕಾದ ಗಂಧದ ಕೊರಡು ಮೈಸೂರಲ್ಲೇ ರಾಶಿ ಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ 1916ರಲ್ಲಿ ಎಣ್ಣೆ ಕಾರ್ಖಾನೆ ತೆಗೆಯಿತು. ಮುಂದೆ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಕಲಿತು ಬಂದ ವಿದ್ಯೆಯಿಂದ ಸಾಬೂನೂ ಆಯಿತು. ನಿಮ್ಮ ಹೊಲದಲ್ಲೇ ಗಂಧದ ಗಿಡ ಹುಟ್ಟಿದರೂ ಅದರ ಧಣಿ ಸರಕಾರವೇ ಎಂಬ ಕಾನೂನು ಸಡಿಲಾದದ್ದು 2001ರ ತಿದ್ದುಪಡಿಯಲ್ಲಿ. ಇಷ್ಟು ಸೇವಾ ಹಿರಿತನ ಇರುವ ವಾಸನೆಯನ್ನು ನಮ್ಮಂಥವರು ದಿನಾ ಬಳಸಲಾದೀತೆ? ನಮ್ಮ ಮನೆಯಲ್ಲಿ ಆ ಮೊಟ್ಟೆಯಾಕಾರದ ಸಾಬೂನು ಬೀಗರು ಬಂದ ದಿನ ಬಚ್ಚಲಕ್ಕೆ ಬರುತ್ತದೆ, ಬೀಗರು ಬಸ್ಸು ಹತ್ತಿದ ಕೂಡಲೇ ಬಿಸಿಲಲ್ಲಿ ಒಣಗಿ ಡಬ್ಬಿಗೆ ಹಿಂತಿರುಗುತ್ತದೆ.

ಈ ಆಡಳಿತ ತಂಟೆತಕರಾರಿಲ್ಲದೆ ನಡೆದಿತ್ತು, ಬೆಂಗಳೂರಿನಿಂದ ಆ ಬಿಳಿ ಕ್ಯಾನು ಬರುವವರೆಗೆ.

ತಂದವಳು ನನ್ನ ತಂಗಿಯ ಮಗಳು. ನಾಗಾವಿಯ ನಮ್ಮ ಮಹಿಳಾ ಸಂಘ ಫಿನಾಯಿಲು ಮತ್ತು ಭಾಂಡೆ ತೊಳೆಯುವ ನೀರು ಮಾಡಿ ಮಾರುತ್ತದೆ ಎಂಬುದು ಅವಳಿಗೆ ಗೊತ್ತು. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಸ್ವಉದ್ಯೋಗ ತರಬೇತಿಯ ಪದ್ಧತಿ ಈಗ ದೇಶದ ಜಿಲ್ಲೆಜಿಲ್ಲೆಗೂ ಮುಟ್ಟಿದೆ. ಅಂಥದೊಂದು ತರಬೇತಿಯಲ್ಲಿ ಕಲಿತದ್ದು ನಮ್ಮ ವಿದ್ಯೆ. ಸತ್ವ ತರುವುದು, ನೀರಲ್ಲಿ ಕಲಸುವುದು, ಹಳೇ ಬಾಟಲಿಗೆ ತುಂಬಿ ಚೀಟಿ ಅಂಟಿಸುವುದು. ನಮ್ಮ ಬಂಡವಾಳವೆಲ್ಲ ನೀರು ಎಂದರೂ ನಡೆದೀತು, ಆ ನೀರೇ ನಮ್ಮಲ್ಲಿ ಇರುವುದಿಲ್ಲ ಎಂಬುದು ಬೇರೆ ಮಾತು.

“ದೊಡ್ಡವ್ವಾ, ಇದಕ್ಕ ಬಬಲ್ ಬಾತ್ ಬೇಸ್ ಅಂತಾರ. ಬಣ್ಣಿಲ್ಲ, ವಾಸನಿ ಇಲ್ಲ. ನಿಮಗ ಬೇಕಾದ ವಾಸನಿ, ನಿಮಗ ಬೇಕಾದ ಬಣ್ಣ ನೀವ ಹಾಕ್ರಿ. ಸಣ್ಣ ಬಾಟ್ಲಿ ಮಾಡಿ ಮಾರ್ರಿ. ಬೆಂಗಳೂರಾಗ ಒಂದಕ್ಕ ನಾಕು ಪಟ್ಟು ಬರತೈತಿ.”

ನಮ್ಮತ್ತೆಯವರು ಕ್ಯಾನಿನ ಮುಚ್ಚಳ ತೆಗೆದು ಮೂಸಿದರು. ಇನ್ನೊಮ್ಮೆ ಮೂಸಿದರು. ಸೆರಗಿನಿಂದ ಮೂಗೊರೆಸಿಕೊಂಡು ಮೂರನೆಯ ಸಲ ಮೂಸಿ, “ಏನೂ ಇಲ್ಲಲ್ಲs! ನಿನಗ ಯಾರೋ ಖಾಲಿ ಡಬ್ಬಿ ಕೊಟ್ಟು ಕಳಿಸ್ಯಾರ” ಎಂದರು.

ಇದರ ಉಪಯೋಗ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಆಳುದ್ದದ ಒಂದು ತೊಟ್ಟಿ ಇರುತ್ತದೆ, ಅದರ ತುಂಬ ಬಿಸಿನೀರು, ನೀರಿನ ಮೇಲೆ ಮೊಳ ಎತ್ತರ ಬುರುಗು, ಆ ಬುರುಗಿನೊಳಗೆ ಮನುಷ್ಯ ಅರ್ಧ ತಾಸು ಸುಮ್ಮನೆ ಮಲಗಿರುತ್ತಾನೆ, ಬುರುಗು ಹೊದಿಕೆಯಾಗಿ ನೀರಿನ ಬಿಸಿ ಹಿಡಿದಿಡುತ್ತದೆ ಎಂದೆಲ್ಲ ಹೇಳಿದೆ. ಅತ್ತೆಯವರು ಪೂರಾ ಕೇಳಿ ಎರಡು ಪ್ರಶ್ನೆ ಹಾಕಿದರು. ಮೊದಲನೆಯದು: “ಮೈ ಹೊಲಸು ಬಿಟ್ಟ ನೀರಾಗ ಅರ್ಧ ತಾಸು ಕುಂತ ಮ್ಯಾಲೆ, ಅದನ್ನ ತೊಳಕೊಳ್ಳಾಕ ಮತ್ತೊಂದು ಜಳಕ ಯಾವಾಗ ಮಾಡತಾನಂವಾ?” ಎರಡನೆಯದು: “ನೀರು?”

ಎರಡನೆಯ ಪ್ರಶ್ನೆಗೆ ಬೆಂಗಳೂರಿನ ಹುಡುಗಿಯೂ ಬಾಯಿ ಬಿಡಲಿಲ್ಲ. ಒಂದು ಟಬ್ಬು ಸರಿಯಾಗಿ ತುಂಬಲು 150 ಲೀಟರಿನ ಮೇಲೇ ಬೇಕು. ನಮ್ಮ ಲೆಕ್ಕದಲ್ಲಿ ಹತ್ತು ಕೊಡ. ತುಂಗಭದ್ರೆ ಮುಂಡರಗಿ ತಾಲ್ಲೂಕಿನ ಹಮ್ಮಿಗೆಯಲ್ಲಿ ತುಂಬಿ ನಿಂತಿದ್ದರೂ ನಲ್ಲಿಗೆ ಬರುವುದು ಅದರ ಮನಸ್ಸಿಗೆ ಬಂದಾಗ. ಗದಗ ಬೆಟಗೇರಿಯ ಬೀಗತನಗಳಲ್ಲಿ ವರನ ಪಗಾರದ ಜೊತೆಗೆ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆಂದು ಕೇಳುವವರನ್ನು ನಾನು ಬಲ್ಲೆ. ಹತ್ತು ಕೊಡ ಹೊಳೆನೀರು ತೊಟ್ಟಿಗೆ ಸುರಿದು ಅದರಲ್ಲಿ ಒಬ್ಬಾಕೆ ಮಲಗುವುದೆಂದರೆ ಓಣಿಯಲ್ಲಿ ಪಂಚಾಯ್ತಿ ಸೇರುವ ವಿಷಯ.

ಈ ಸೀಮೆಗೆ ಜಳಕದ ಸುಖ ಗೊತ್ತಿರಲಿಲ್ಲ ಅಂತಲ್ಲ. ಹನ್ನೆರಡನೆಯ ಶತಮಾನದಲ್ಲಿ ಈ ನೆಲವನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನಾದವನ ಇಪ್ಪತ್ತು ಭೋಗಗಳನ್ನು ಎಣಿಸುವಾಗ ಸ್ನಾನಕ್ಕೊಂದು ಅಧ್ಯಾಯ, ಮೈಗೆ ಬಳಿಯುವ ಪರಿಮಳಗಳಿಗೆ ಬೇರೆಯೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ನೀರು ಹೊರುವವರು ಅವನ ಹತ್ತಿರ ಬೇಕಾದಷ್ಟಿದ್ದರು. ಇನ್ನು ತೊಟ್ಟಿಯ ಮಾತು. ಲಕ್ಕುಂಡಿಗೆ ಹೋಗಿ ನೋಡಿ: ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೆಸರಾದ ಊರು. ಮುಸುಕಿನ ಬಾವಿಯ ಮೆಟ್ಟಿಲ ಕೆಲಸದ ಮುಂದೆ ಯಾವ ಪಂಚತಾರಾ ಹೋಟೆಲಿನ ಟಬ್ಬೂ ಸಪ್ಪೆ. ಆದರೆ ಅಲ್ಲಿ ಹೋಗಿ ಬುರುಗು ಎಬ್ಬಿಸಿದರೆ ಪುರಾತತ್ವ ಇಲಾಖೆಯವರು ನಮ್ಮನ್ನೇ ಎಬ್ಬಿಸಿ ಕಳಿಸುತ್ತಾರೆ.

ಟಬ್ಬಿನ ಮಾತು ಬದಿಗಿಟ್ಟು, ಬಕೀಟಿಗೆ ಒಂದು ಚಮಚದಂತೆ ಮಾರೋಣ ಎಂದು ಸಂಘದಲ್ಲಿ ಠರಾವಾಯಿತು. ಉಳಿದದ್ದು ವಾಸನೆ ಮತ್ತು ಬಣ್ಣ. ಅಷ್ಟೇ ಅಲ್ಲವೆ ಅಂದುಕೊಂಡೆವು.

ವಾಸನೆ ಹಚ್ಚಿಯೇ ಬಂದ ವಸ್ತುವನ್ನು ನಾವು ಎದುರು ಮಾತಾಡದೆ ಸಹಿಸುತ್ತೇವೆ. ಅಂಗಡಿಯವ ಕೊಟ್ಟದ್ದು ಸಾಬೂನು, ಅದರ ವಾಸನೆ ಅದರ ಹಣೆಬರಹ. ಆದರೆ ‘ನಿಮಗೆ ಬೇಕಾದದ್ದು ಹಾಕಿಕೊಳ್ಳಿ’ ಎಂದು ಯಾರಾದರೂ ಹೇಳಿದರೋ, ಅಲ್ಲಿಗೆ ಮನೆಯ ನೆಮ್ಮದಿ ಹೋಯಿತೆಂದೇ ತಿಳಿಯಿರಿ.

“ಲಿಂಬಿ ಹಾಕೂಣು, ತಂಪು ಇರತೈತಿ” ಎಂದು ನಾನೇ ಶುರು ಮಾಡಿದೆ.

“ನಾ ಏನು ತಾಟನು?” ಎಂದರು ಅತ್ತೆಯವರು.

ಗುಲಾಬಿ ಎಂದೆ. ಊದಿನಕಡ್ಡಿ ಹಚ್ಚಿ ಎದುರಿಗೆ ಕೂತಂತಾಗುತ್ತದೆ, ದೇವರಿಗೆ ಬಿಡು ಎಂದರು. ಮಲ್ಲಿಗೆ ಎಂದರೆ ಈ ವಯಸ್ಸಿನಲ್ಲಿ ಜನ ಏನಂದಾರು. ಬೇವು ಎಂದರೆ ಮನೆಯಲ್ಲಿ ಅಮ್ಮ ಎದ್ದಿದ್ದಾಳೇನು. ಸಂಘದ ಖಜಾಂಚಿ ವೆನಿಲ್ಲಾ ಎಂದಳು. ಅದು ಐಸ್‌ಕ್ರೀಮಿನ ನೌಕರ ಎಂಬುದೊಂದೇ ಅಲ್ಲ, ಬೇಸ್‌ಗೆ ವೆನಿಲ್ಲಾ ಹಾಕಿದರೆ ದಿನ ಕಳೆದಂತೆ ಚಹದ ಬಣ್ಣಕ್ಕೆ ತಿರುಗಿಬಿಡುತ್ತದೆ. ದವನ ಎಂದಾಗ ಎಲ್ಲರ ಮುಖ ಅರಳಿತು. ಆದರೆ ದವನ ಅಂದರೆ ಜಾತ್ರೆ, ತೇರು, ಉತ್ಸವಮೂರ್ತಿ. ಬಚ್ಚಲದಲ್ಲಿ ಮೈಮೇಲೆ ತಂಬಿಗೆ ಸುರಿದುಕೊಳ್ಳುವಾಗ ಪಲ್ಲಕ್ಕಿ ನೆನಪಾದರೆ ಕೈಮುಗಿಯುವುದೋ ಬೆನ್ನು ತಿಕ್ಕಿಕೊಳ್ಳುವುದೋ.

ನಮ್ಮೂರ ಮಗ್ಗುಲಿಗೆ 2016ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಬಂದಾಗಿನಿಂದ ನಾಡಿನ ಎಲ್ಲ ಕಡೆಯ ಹುಡುಗ ಹುಡುಗಿಯರು ನಾಗಾವಿಯಲ್ಲಿ ಸಿಗುತ್ತಾರೆ. ಸಂಘದ ಲೆಕ್ಕ ಬರೆದುಕೊಳ್ಳಲು ಬಂದಿದ್ದ ಮಲೆನಾಡಿನ ಹುಡುಗಿಯೊಬ್ಬಳು, “ಕಾಫಿ ಹಾಕಿ ಆಂಟಿ, ಎಷ್ಟು ಚೆನ್ನಾಗಿರುತ್ತೆ ಗೊತ್ತಾ?” ಎಂದಳು. ಒಂದು ಕ್ಷಣ ಎಲ್ಲರೂ ಸುಮ್ಮನಾದೆವು. ಹೌದಲ್ಲ! ನಮ್ಮಲ್ಲಿ ಕುಡಿಯುವುದು ಚಹಾ. ಕಾಫಿಯ ವಾಸನೆ ಗದಗ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ನಿರುದ್ಯೋಗಿ. ಆದರೆ ಅತ್ತೆಯವರು, “ಕುಡಿಯೂದನ್ನ ಮೈಮ್ಯಾಲೆ ಸುರಕೊಂಡು, ಮೈಗೆ ಹಚ್ಚೂದನ್ನ ಕುಡಿಯೂ ಕಾಲ ಬಂತು” ಎಂದು ಕೈ ಮುಗಿದರು. ಹುಡುಗಿ ಅದನ್ನೂ ಬರೆದುಕೊಂಡಳು.

ಕೊನೆಗೆ ಗದಗ ಬಜಾರದ ಅತ್ತರಿನ ಅಂಗಡಿಗೇ ಹೋದೆವು. ಅಂಗಡಿಯ ಹಿರಿಯರು ಮೊದಲು ಹೇಳಿದ ಮಾತು ಕೆಲಸದ್ದು: ಊದಿನಕಡ್ಡಿಗೆ ಹಾಕುವ ಸೆಂಟು ಬೇರೆ, ಮೈಗೆ ನಡೆಯುವುದು ಬೇರೆ, ಅಗ್ಗದ್ದೆಂದು ಮೊದಲನೆಯದನ್ನು ಒಯ್ದು ಮೈ ತುರಿಸಿಕೊಂಡು ಬರಬೇಡಿ. ಆಮೇಲೆ ಅಳತೆ. ಕಿಲೋ ಬೇಸಿಗೆ 5 ಗ್ರಾಂ, ಬಹಳವೆಂದರೆ 10. ಅದಕ್ಕಿಂತ ಹೆಚ್ಚು ಹಾಕಿದರೆ ಬುರುಗು ಏಳುವುದಿಲ್ಲ, ತಲೆನೋವು ಏಳುತ್ತದೆ. ಇಷ್ಟು ಹೇಳಿ ಮುಂಗೈಗೆ ಒಂದೊಂದೇ ಹಚ್ಚಿ ಮೂಸಲು ಕೊಟ್ಟರು. ಲ್ಯಾವೆಂಡರ್ ನನಗೆ ಹಿಡಿಸಿತು. ಯಾವ ಪೂಜೆಗೂ ಸೇರದ, ಯಾವ ಅಡಿಗೆಗೂ ಬೀಳದ, ಗದುಗಿನಲ್ಲಿ ಯಾರ ಹಿತ್ತಿಲಲ್ಲೂ ಅರಳದ ಹೂವು. ಅತ್ತೆಯವರು ಮೂಸಿದವರೇ ಅಂಗಡಿಯ ಕಟ್ಟೆ ಹಿಡಿದು ಕೂತರು.

“ಇದು ಬೆಂಗಳೂರು ಸ್ಲೀಪರ್ ಬಸ್ಸಿನ ವಾಸನಿ. ನನಗ ವಾಂತಿ ಬರಾಕತ್ತೈತಿ. ಹಿರಿಯೂರು ಬಂತೇನು?”

ಅತ್ತರಿನವರು ಬಿಡಲಿಲ್ಲ. ಒಳಗಿನ ಕಪಾಟಿನಿಂದ ಬೆರಳುದ್ದದ ಸೀಸೆ ತೆಗೆದರು. ಉತ್ತರ ಪ್ರದೇಶದ ಕನೌಜಿನದು, ಮಣ್ಣಿನ ಅತ್ತರು. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕುದಿಸಿ, ಅದರ ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಮಾಡುತ್ತಾರೆ. ಮೊದಲ ಮಳೆ ಬಿದ್ದಾಗಿನ ನೆಲದ ವಾಸನೆ. ನಾನು ಮೂಸಿದೆ. ನಿಜ ಹೇಳಬೇಕೆಂದರೆ ಅಂಗಡಿಯೇ ಮರೆತುಹೋಯಿತು. ಇದಕ್ಕೆ ಯಾವ ನೌಕರಿ ಇದ್ದೀತು? ಇದು ಯಾರ ಭಾಂಡೆಯನ್ನೂ ತಿಕ್ಕುವುದಿಲ್ಲ, ಯಾರ ನೆಗಡಿಯನ್ನೂ ಬಿಡಿಸುವುದಿಲ್ಲ. ಗೆದ್ದೆ ಅಂದುಕೊಂಡು ಸೀಸೆಯನ್ನು ಅತ್ತೆಯವರ ಮೂಗಿಗೆ ಹಿಡಿದೆ. ಅವರು ಕಣ್ಣುಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡರು. ಮುಖ ಸಡಿಲಾಯಿತು. ಆಮೇಲೆ ಥಟ್ಟನೆ ಕಣ್ಣು ಬಿಟ್ಟು, “ಹೆಸರಿನ ಬೀಜ ತಂದಾನೇನು ನಿನ್ನ ಗಂಡ? ಗೊಬ್ಬರದ ಚೀಟಿ ಎಲ್ಲಿಟ್ಟೈತಿ?” ಎಂದರು. ಮೊದಲ ಮಳೆಯ ವಾಸನೆ ಎಂದರೆ ನಮ್ಮಲ್ಲಿ ಕೃಷಿ ಇಲಾಖೆಯ ನೌಕರಿ. ಆ ವಾಸನೆ ಬಂದ ದಿನ ಯಾವ ರೈತನ ಮನೆಯಲ್ಲೂ ಜಳಕಕ್ಕೆ ಪುರಸತ್ತಿರುವುದಿಲ್ಲ. ಸೀಸೆಯ ಬೆಲೆ ಕೇಳಿದ ಮೇಲೆ ನನಗೂ ಬೀಜ, ಗೊಬ್ಬರವೇ ಅಗ್ಗವೆನಿಸಿತು.

ಹೊರಡುವಾಗ ಖಜಾಂಚಿ, “ಕಪ್ಪತಗುಡ್ಡದ ಗಾಳಿ ವಾಸನಿ ಸಿಗತೈತೇನ್ರಿ?” ಎಂದು ಕೇಳಿದಳು. ಆ ಗಾಳಿಗಿಂತ ಚೊಕ್ಕ ಗಾಳಿ ಇಲ್ಲ ಎಂದು ಹೇಳಿಕೊಂಡು ಬೆಳೆದವರು ನಾವು. ಆದರೆ ಅದಕ್ಕೂ ಈಗ ನೌಕರಿಯಾಗಿದೆ. ಗುಡ್ಡದ ಸಾಲಿನ ಮೇಲೆ ಹಗಲು ರಾತ್ರಿ ಗಾಳಿಯಂತ್ರ ತಿರುಗಿಸುತ್ತದೆ.

ಬಣ್ಣ ಸುಲಭವಾದೀತು ಅಂದುಕೊಂಡಿದ್ದೆವು. ಹಸಿರು ನಮ್ಮದೇ ಭಾಂಡೆ ನೀರಿನದು. ನೀಲಿ ಬಿಳಿ ಧೋತರಗಳದು. ನೇರಳೆ ಎಂದರೆ ಗಾಯಕ್ಕೆ ಹಚ್ಚುವ ಔಷಧ. ಹಳದಿಯನ್ನು ಎಲ್ಲರೂ ಒಪ್ಪಿದರು, ಅರಿಷಿಣದ ಬಣ್ಣ, ಶುಭ. ಆದರೆ ಹಳದಿ ನೀರಿನ ಜಳಕ ನಮ್ಮಲ್ಲಿ ಮದುವೆಯ ಸುರಗಿಯಲ್ಲಿ, ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ ಮದುಮಕ್ಕಳನ್ನು ನಡುವೆ ಕೂರಿಸಿ ಎರೆಯುವುದು. ವಾರದ ದಿನ ಅದನ್ನು ಮೈಮೇಲೆ ಸುರಿದುಕೊಳ್ಳಲು ಐವತ್ತು ದಾಟಿದ ನಮ್ಮಲ್ಲಿ ಯಾರಿಗೂ ಧೈರ್ಯ ಸಾಲಲಿಲ್ಲ. ಕೆಂಪಿನ ಮಾತೇ ಬೇಡ. ಅರಿಷಿಣಕ್ಕೆ ಸುಣ್ಣ ಸೋಕಿಸಿದರೆ ಆಗುವ ಕೆಂಪು ನೀರು ದೃಷ್ಟಿ ತೆಗೆಯಲಿಕ್ಕೆ. ನಿವಾಳಿಸಿ ಹೊರಗೆ ಚೆಲ್ಲುವ ನೀರನ್ನು ಒಳಗೆ ತಂದು ಜಳಕ ಮಾಡಿದರೆ ಓಣಿಯ ದೃಷ್ಟಿಯೆಲ್ಲ ಬಚ್ಚಲಲ್ಲೇ ಬೀಡುಬಿಡುತ್ತದೆ.

ಬೆಟಗೇರಿಯಲ್ಲಿ ಕೈಮಗ್ಗದ ನೂಲಿಗೆ ಬಣ್ಣ ಅದ್ದುತ್ತಿದ್ದ ಕಾಕಾ ಒಬ್ಬರಿದ್ದಾರೆ, ನಮ್ಮನೆಯವರ ದೂರದ ಸಂಬಂಧ. ಅವರನ್ನು ಕರೆಸಿದೆವು. ಅವರ ಬೆರಳುಗಳ ಉಗುರುಕಣ್ಣಿನಲ್ಲಿ ಇನ್ನೂ ಊದಾ ಬಣ್ಣದ ಗೆರೆ ಇದೆ. ಬಿಳಿ ಪಿಂಗಾಣಿ ಬಸಿಯಲ್ಲಿ ಒಂದು ಚಮಚ ಬೇಸು ಹಾಕಿಕೊಂಡು, ಊದಿನಕಡ್ಡಿಯ ಕೋಲಿನ ತುದಿಯಿಂದ ಬಣ್ಣದ ಪುಡಿಯನ್ನು ಕಣ್ಣಿಗೆ ಕಾಣದಷ್ಟು ಎತ್ತಿ, ಒಂದು ಹನಿ ನೀರಲ್ಲಿ ಕರಗಿಸಿ ಬೇಸಿಗೆ ಮುಟ್ಟಿಸಿದರು. ಎಳೆ ಎಳೆಯಾಗಿ ಬಣ್ಣ ಇಳಿಯಿತು. ಕಾಕಾ ಬಸಿಯನ್ನು ಬೆಳಕಿಗೆ ಹಿಡಿದು ನೋಡುತ್ತ ಬಹಳ ಹೊತ್ತು ಕೂತರು.

“ಬಣ್ಣ ಬಿಡಬಾರದು ಅಂತ ಹಗಲೆಲ್ಲ ಕುದಿಯೂ ನೀರಿನ ಮುಂದ ನಿಂತಾಂವ ನಾನು. ಬಣ್ಣ ಬಿಟ್ಟರ ಸಾವಕಾರ ಪಗಾರ ಮುರೀತಿದ್ದ. ನಿಮಗ ಈಗ ಹಿಡೀಲಾರದ ಬಣ್ಣ ಬೇಕು. ಮೈಗೂ ಹಿಡೀಬಾರದು, ಟಾವೆಲ್ಲಿಗೂ ಹಿಡೀಬಾರದು, ಬಚ್ಚಲ ಕಲ್ಲಿಗೂ ಹಿಡೀಬಾರದು. ಹಂಗಿದ್ದ ಮ್ಯಾಲೆ ಹಾಕೂದರ ಯಾಕವಾ?”

ಇದಕ್ಕೆ ಉತ್ತರ ಇಂದಿಗೂ ಸಿಕ್ಕಿಲ್ಲ. ಅದೂ ಅಲ್ಲದೆ, ಬಾಟಲಿಯಲ್ಲಿ ಎಂಥ ಬಣ್ಣವೇ ಇರಲಿ, ಬುರುಗು ಏಳುವುದು ಬೆಳ್ಳಗೇ. ಗುಳ್ಳೆಯ ಪೊರೆ ಅಷ್ಟು ತೆಳು; ಅದರಲ್ಲಿ ಬಣ್ಣಕ್ಕೆ ನಿಲ್ಲಲು ಜಾಗವೇ ಇಲ್ಲ.

ಲ್ಯಾವೆಂಡರ್ ಸೀಸೆ ಮಾತ್ರ ನಾನು ತಂದಿದ್ದೆ. ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಲೋಟ ಬೇಸಿಗೆ ನಾಲ್ಕು ಹನಿ ಬಿಟ್ಟು ಚಮಚದಲ್ಲಿ ತಿರುವಿದೆ. ಜೇನಿನ ಹದದಲ್ಲಿದ್ದದ್ದು ನೋಡುನೋಡುತ್ತ ನೀರಾಯಿತು. ಪರಿಮಳದ ಎಣ್ಣೆಗೆ ಆ ಗುಣವಿದೆ. ಅದನ್ನು ಮತ್ತೆ ಗಟ್ಟಿ ಮಾಡಲು ಬೇಕಾದದ್ದು ಅಡಿಗೆಯ ಉಪ್ಪು ಎಂದು ಬೆಂಗಳೂರಿನ ಹುಡುಗಿ ಹೇಳಿಹೋಗಿದ್ದಳು. ಬೇಸಿನೊಳಗಿನ ತೊಳೆಯುವ ಕಣಗಳ ಗುಂಪುಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವಂತೆ. ಉಪ್ಪು ಆ ಹಗೆಯನ್ನು ತಗ್ಗಿಸಿದರೆ ಅವು ಉದ್ದುದ್ದ ಎಳೆಗಳಾಗಿ ಒಂದಕ್ಕೊಂದು ತೊಡರಿಕೊಂಡು ದಪ್ಪಗಾಗುತ್ತವೆ. ಉಪ್ಪಿನ ನೀರು ಹನಿಹನಿಯಾಗಿ ಬಿಟ್ಟೆ, ಚಮಚ ಭಾರವಾಯಿತು. ಇನ್ನೊಂದು ಹನಿ, ಇನ್ನೂ ಭಾರ. ಹಿಂದೆ ನಿಂತು ನೋಡುತ್ತಿದ್ದ ಅತ್ತೆಯವರು, “ಇಷ್ಟ ಉಪ್ಪಿಗೆ ಏನಾಗತೈತಿ?” ಎಂದು ಸಾರಿಗೆ ಹಾಕುವಂತೆ ಒಂದು ಚಿಟಿಕೆ ಉದುರಿಸಿಯೇಬಿಟ್ಟರು. ಮತ್ತೆ ನೀರು. ಒಂದು ಹದ ದಾಟಿದರೆ ಉಪ್ಪೇ ಬೇಸನ್ನು ತೆಳ್ಳಗೆ ಮಾಡುತ್ತದೆ, ಮತ್ತು ಹಾಕಿದ ಉಪ್ಪನ್ನು ಯಾವ ಸೊಸೆಯೂ ಹಿಂದಕ್ಕೆ ತೆಗೆಯಲಾರಳು.

ಅಷ್ಟರಲ್ಲಿ ಮೊಮ್ಮಗ ಹುಬ್ಬಳ್ಳಿಯಿಂದ ಸೂಟಿಗೆ ಬಂದ. ಹಾಸಿಗೆ ತೊಳೆಯುವ ಪ್ಲಾಸ್ಟಿಕ್ ಟಬ್ಬನ್ನು ಅಂಗಳದಲ್ಲಿಟ್ಟು, ತಳಕ್ಕೆ ಒಂದು ಚಮಚ ಬರೀ ಬೇಸು ಹಾಕಿ, ಬೋರಿನ ಸವಳು ನೀರನ್ನು ಕೊಡದಿಂದ ಎತ್ತರಿಸಿ ಸುರಿದೆವು. ನಮ್ಮ ಸವಳು ನೀರಿಗೆ ಸಾಬೂನು ಹತ್ತುವುದಿಲ್ಲ. ನೀರಿನೊಳಗಿನ ಸುಣ್ಣದ ಅಂಶ ಸಾಬೂನನ್ನು ಹಿಡಿದು ಬೆಳ್ಳಗೆ ಗಸಿ ಮಾಡಿಬಿಡುತ್ತದೆ. ಈ ಬೇಸು ಸಾಬೂನಿನ ಜಾತಿಯದಲ್ಲ, ಸುಣ್ಣಕ್ಕೆ ಜಗ್ಗುವುದಿಲ್ಲ. ಬುರುಗು ಎದ್ದಿತು ನೋಡಿ! ಟಬ್ಬಿನ ಅಂಚು ದಾಟಿ, ಹುಡುಗನ ಎದೆ ದಾಟಿ, ಗದ್ದಕ್ಕೆ ಗಡ್ಡವಾಗಿ ನಿಂತಿತು. ಅವನು ಯಾವ ವಾಸನೆ ಎಂದೂ ಕೇಳಲಿಲ್ಲ, ಯಾವ ಬಣ್ಣ ಎಂದೂ ಕೇಳಲಿಲ್ಲ. ಅತ್ತೆಯವರು ಸವಳು ನೀರಿನಲ್ಲಿ ಅಷ್ಟು ಬುರುಗನ್ನು ಆಯುಷ್ಯದಲ್ಲೇ ಕಂಡವರಲ್ಲ. ಹುಡುಗ ಎದ್ದ ಕೂಡಲೇ ಆ ನೀರಿನಲ್ಲಿ ಎರಡು ಕಂಬಳಿ, ಮನೆಯ ಕಾಲೊರಸುಗಳು, ನಮ್ಮನೆಯವರ ಹೊಲದ ಅಂಗಿ ಅದ್ದಿ ತೆಗೆದರು. ಉಳಿದದ್ದು ಪಾಯಖಾನೆಗೆ ಹೋಯಿತು. ಬಿಳಿ ಕ್ಯಾನು ಈಗ ಅವರ ಮಂಚದ ಕೆಳಗಿದೆ. ಕಂಬಳಿ ಖಾತೆ ಅದಕ್ಕೆ ವಹಿಸಿದ್ದಾಗಿದೆ.

ಉಳಿದ ಲ್ಯಾವೆಂಡರ್ ಹಾಳಾಗಬಾರದೆಂದು ಸಂಘದ ಒಂದು ಪಾಳಿ ಫಿನಾಯಿಲಿಗೆ ಬೆರೆಸಿದೆವು. ಬೆಟಗೇರಿಯ ಸಂತೆಯಲ್ಲಿ ಇಟ್ಟುಕೊಂಡು ಕೂತಾಗ ಅಸುಂಡಿ ಕಡೆಯ ಒಬ್ಬಾಕೆ ಮುಚ್ಚಳ ತೆಗೆದು ಮೂಸಿದಳು. ಜೊತೆಯವಳಿಗೂ ಮೂಸಲು ಕೊಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಕ್ಕಾರ, ಇದು ಭಾಳ ಛಲೋ ಐತ್ರಿ. ಎರಡು ಬಾಟ್ಲಿ ಕೊಡ್ರಿ, ಮಗಳು ಬಾಣಂತನಕ್ಕ ಬಂದಾಳ, ಜಳಕದ ನೀರಿಗೆ ಆಗತೈತಿ. ನೆಲ ಒರಸಾಕ ಮಾತ್ರ ಫಿನಾಯಿಲ್ ವಾಸನಿದ್ದದ್ದ ಕೊಡ್ರಿ.”

ಖಜಾಂಚಿ ಆಗಲೇ ರೊಕ್ಕ ಎಣಿಸಿಕೊಳ್ಳುತ್ತಿದ್ದಳು. ನಾನು ಎದ್ದು ಆಕೆಯ ಕೈಯಿಂದ ಎರಡೂ ಬಾಟಲಿ ಕಸಿದುಕೊಂಡು, ಪೈನಿನದು ಕೊಟ್ಟು, ಮೇಲೆ ಹತ್ತು ರೂಪಾಯಿ ಬಿಟ್ಟು ಕಳಿಸಿದೆ. ಆಕೆ ಹೋಗುತ್ತ ಜೊತೆಯವಳಿಗೆ ಹೇಳಿದ್ದು ನಮ್ಮಿಬ್ಬರಿಗೂ ಕೇಳಿಸುವಂತಿತ್ತು: “ನೋಡಿದೀ, ಛಲೋದು ತಾವ ಇಟಗೋತಾರ.”